ಪಾರಿತೋಷಿಕವೂ ವೇತನವೂ

ಸಂತುಷ್ಟನಾದವನು ಇಚ್ಛೆಯಿಂದ ಕೊಡುವುದು ಪಾರಿತೋಷಿಕ. ಮಾಡಿದ ಕೆಲಸಕ್ಕೆ ನ್ಯಾಯವಾಗಿ ಸಲ್ಲತಕ್ಕುದು ವೇತನ. ಈ ಭೇದವಳಿದಲ್ಲಿ ಸೇವಕನಿಗಾಗುವ ಹಾನಿಯನ್ನು ಅಮೆರಿಕಾ ಸಂಯುಕ್ತ ಸಂಸ್ಥಾನಗಳ ಚರಿತ್ರೆಯಲ್ಲಿ ಕಾಣಬಹುದಾಗಿದೆ.

ಅಲ್ಲಿ 1865ರಲ್ಲಿ ದಾಸ್ಯಪದ್ಧತಿಯು ರದ್ದಾಯಿತಷ್ಟೆ. ಅನಂತರ ಪುಲ್‌ಮನ್ ಕಂಪೆನಿಯು ವಿಮುಕ್ತರಾದ ದಾಸರನ್ನು ತನ್ನ ರೈಲುಗಾಡಿಗಳ ಶಯನಶಾಲೆಗಳಲ್ಲಿ ಪರಿಚಾರಕರನ್ನಾಗಿ ನಿಯಮಿಸಿತು. ಸಂಬಳವು ಅತ್ಯಲ್ಪವಾಗಿದ್ದುದರಿಂದ ಪ್ರಯಾಣಿಕರೀಯುವ ಇನಾಮೇ ಅವರಿಗೆ ಜೀವನಾಧಾರವಾಯಿತು. ಈ ವಾಡಿಕೆಯು ಇತರ ಸೇವಾವೃತ್ತಿಗಳಲ್ಲಿಯೂ ಬೇರೂರಲು, ವಾಷಿಂಗ್‌ಟನ್ ಸಂಸ್ಥಾನವು 1909ರಲ್ಲಿ ಇನಾಮನ್ನೇ ನಿಷೇಧಿಸಿತು. ಬೇರೆ ಕೆಲವು ಸಂಸ್ಥಾನಗಳೂ ಅದನ್ನನುಸರಿಸಿದುವು. ಆದರೆ 1926ರೊಳಗಾಗಿ ಇಂತಹ ಶಾಸನಗಳೆಲ್ಲವೂ ರದ್ದಾದುವು. ನಿಷೇಧದಿಂದ ಆಗದುದು ಸಂಘಶಕ್ತಿಯಿಂದಾಯಿತು: 1925ರಲ್ಲಿ ರ‍್ಯಾಂಡಾಲ್ಫರ ನಾಯಕತ್ವದಲ್ಲಿ ಹುಟ್ಟಿದ ಶಯನಶಾಲಾ ಪರಿಚಾರಕರ ಸಂಘವು 1937ರಲ್ಲಿ ಕಂಪೆನಿಯೊಡನೆ ವೇತನದ ಒಡಂಬಡಿಕೆಯನ್ನು ಮಾಡಿಕೊಂಡಿತು.

ಭೋಜನಶಾಲೆಗಳಲ್ಲಿ ಬಡಿಸುವವರ ಗತಿಯು ಬೇರೆಯಾಯಿತು. ಇನಾಮನ್ನು ವೇತನದೊಳಗೆ ಎಣಿಸಿಕೊಳ್ಳಲು 1966ರ ಶಾಸನವು ಯಜಮಾನರಿಗೆ ಅನುಮತಿಯಿತ್ತಿತು. ಒಕ್ಕೂಟದ ಶಾಸನದಂತೆ ಯಜಮಾನನು ನಗದಾಗಿ ಕೊಡಬೇಕಾದ ಕನಿಷ್ಠ ವೇತನವು 1991ರಲ್ಲಿ ಗಂಟೆಗೆ 2.13 ಡಾಲರಾಗಿ, ಮೂವತ್ತು ವರ್ಷಗಳು ಕಳೆದರೂ ಅಲ್ಲಿಯೇ ನಿಂತಿತು. ಆದರೆ ಬಹುಪಾಲು ಸಂಸ್ಥಾನಗಳು ಅದಕ್ಕಿಂತ ಹೆಚ್ಚನ್ನು ವಿಧಿಸಿವೆ. ಅಲ್ಲಿ ಉಣ್ಣುವ ಅತಿಥಿಯು ಬೆಲೆಯ ಮೇಲೆ ನೂರಕ್ಕೆ 15ರಿಂದ 20ರಷ್ಟನ್ನು ಇಡುವುದು ವಾಡಿಕೆ. ಅದನ್ನು ಔದಾರ್ಯವೆಂದು ಭಾವಿಸುವುದು ಯುಕ್ತವಲ್ಲ. ಹೆಸರು ಪಾರಿತೋಷಿಕವೆಂದಿದ್ದರೂ ಅದು ಬಡಿಸಿದವನಿಗೆ ಸಲ್ಲತಕ್ಕ ವೇತನದ ಶೇಷವೇ ಆಗಿದೆ.