ಕಾಣದ ಕೈಗಳ ಲೆಕ್ಕ

ಇಸ್ಪೀಟಿನ ಮಾತೆತ್ತಿದೊಡನೆ ನಮ್ಮಲ್ಲಿ ಹಿರಿಯರ ಹುಬ್ಬು ಗಂಟಿಕ್ಕುವುದುಂಟು. ಹೊತ್ತು ಕಳೆಯುವವರ, ಹಣ ಕಳೆದುಕೊಳ್ಳುವವರ ಆಟವೆಂದು ಅದಕ್ಕೆ ಬಂದ ಹೆಸರು ಪೂರ್ತಿ ಸುಳ್ಳೇನೂ ಅಲ್ಲ. ಆದರೆ ಇದೇ ಐವತ್ತೆರಡು ಎಲೆಗಳ ಕಟ್ಟು ಮನುಷ್ಯನಿಗೆ ಒಂದು ದೊಡ್ಡ ಪಾಠವನ್ನೂ ಕಲಿಸಿದೆ. ಕಣ್ಣಿಗೆ ಕಾಣದುದರ ವಿಷಯದಲ್ಲಿ ಹೇಗೆ ಯೋಚಿಸಬೇಕು ಎಂಬುದೇ ಆ ಪಾಠ. ಬ್ರಿಡ್ಜ್ ಆಟದ ಚರಿತ್ರೆಯು ಒಂದು ಅರ್ಥದಲ್ಲಿ ಈ ಪಾಠವನ್ನು ಮನುಷ್ಯ ನಿಧಾನವಾಗಿ ಕಲಿತ ಚರಿತ್ರೆ. ನಡುವೆ ಒಮ್ಮೆ ದಾರಿ ತಪ್ಪಿದ ಚರಿತ್ರೆಯೂ ಹೌದು.

ಬ್ರಿಡ್ಜಿನ ತಾಯಿ ವಿಸ್ಟ್ ಎಂಬ ಇಂಗ್ಲಿಷರ ಆಟ. ಇಬ್ಬಿಬ್ಬರು ಜೊತೆಗಾರರಾಗಿ ನಾಲ್ವರು ಕುಳಿತು, ತಲೆಗೆ ಹದಿಮೂರರಂತೆ ಎಲೆ ಹಂಚಿಕೊಂಡು ಆಡುವುದು ಅದರ ಕ್ರಮ. 1742ರಲ್ಲಿ ಎಡ್ಮಂಡ್ ಹಾಯ್ಲ್ ಎಂಬಾತ ಲಂಡನ್ನಿನಲ್ಲಿ ಈ ಆಟದ ಮೇಲೆ ಒಂದು ಚಿಕ್ಕ ಪುಸ್ತಕ ಪ್ರಕಟಿಸಿದ. ಜೊತೆಗಾರನ ಕೈಯಲ್ಲಿ ಇಂಥದೇ ಒಂದು ಎಲೆ ಇರುವ ಸಂಭವ ಎಷ್ಟು ಎಂಬಂಥ ಲೆಕ್ಕಗಳು ಅದರಲ್ಲಿದ್ದವು. ಅದೃಷ್ಟವೆಂದು ಕೈಚೆಲ್ಲುತ್ತಿದ್ದ ಕಡೆ ಎಣಿಕೆ ಕಾಲಿಟ್ಟಿತು. ಎಣಿಕೆ ಬಲ್ಲವನಿಗೂ ಬಾರದವನಿಗೂ ಇರುವ ಅಂತರವನ್ನು ತೋರಿಸುವ ಒಂದು ಪ್ರಸಿದ್ಧ ಕಥೆಯಿದೆ. ಒಂಬತ್ತಕ್ಕಿಂತ ಮೇಲಿನ ಎಲೆ ಒಂದೂ ಇಲ್ಲದ ಕೈ ಬರುವುದಿಲ್ಲವೆಂದು ಯಾರ್‌ಬರೋ ಪ್ರಭು ಒಂದಕ್ಕೆ ಸಾವಿರದಂತೆ ಪಣ ಒಡ್ಡುತ್ತಿದ್ದನಂತೆ. ಕೇಳಿದವರಿಗೆ ಅದು ಔದಾರ್ಯವಾಗಿ ಕಂಡಿರಬೇಕು. ವಾಸ್ತವದಲ್ಲಿ ಅಂಥ ಕೈ ಬರುವುದು 1828 ಹಂಚಿಕೆಗಳಿಗೆ ಒಮ್ಮೆ. ಲಾಭ ಯಾರದೆಂದು ಹೇಳಬೇಕಾಗಿಲ್ಲ. ಅಂಥ ಬಡ ಕೈಗೆ ಇಂದಿಗೂ ಆ ಪ್ರಭುವಿನದೇ ಹೆಸರು.

ಐವತ್ತೆರಡರಲ್ಲಿ ಹದಿಮೂರನ್ನು ಎಷ್ಟು ಬಗೆಯಾಗಿ ಆರಿಸಬಹುದು? ಈ ಬಗೆಯ ಪ್ರಶ್ನೆ ಕನ್ನಡ ನಾಡಿಗೆ ಹೊಸದಲ್ಲ. ಒಂಬತ್ತನೆಯ ಶತಮಾನದಲ್ಲಿ, ಅಮೋಘವರ್ಷ ನೃಪತುಂಗನ ಕಾಲದಲ್ಲಿ, ಮಹಾವೀರಾಚಾರ್ಯನು ತನ್ನ ಗಣಿತಸಾರಸಂಗ್ರಹದಲ್ಲಿ ಇದಕ್ಕೆ ಸಾಮಾನ್ಯ ಸೂತ್ರವನ್ನೇ ಕೊಟ್ಟಿದ್ದಾನೆ. ಆರು ರಸಗಳನ್ನು ಬಗೆಬಗೆಯಾಗಿ ಕೂಡಿಸಿದರೆ ಎಷ್ಟು ರುಚಿಗಳಾದಾವು ಎಂಬುದು ಅವನ ಉದಾಹರಣೆ, ಉತ್ತರ 63. ಇಂಗ್ಲೆಂಡಿನ ಆಟಗಾರರು ಅವನನ್ನು ಓದಿದವರಲ್ಲ. ಆದರೂ ಆರು ರಸಗಳಿಗೆ ಸಲ್ಲುವ ಸೂತ್ರವೇ ಐವತ್ತೆರಡು ಎಲೆಗಳಿಗೂ ಸಲ್ಲುತ್ತದೆ. ಅದರಂತೆ ಗುಣಿಸಿ ಭಾಗಿಸಿದರೆ ಒಬ್ಬನಿಗೆ ಬರಬಹುದಾದ ಕೈಗಳ ಸಂಖ್ಯೆ 63,501 ಕೋಟಿ 35 ಲಕ್ಷ 59 ಸಾವಿರದ 600.

ಈ ಸಾಗರವನ್ನು ಯಾರು ನೆನಪಿಟ್ಟುಕೊಂಡಾರು? ಆದರೆ ಎಲೆಗಳ ಹೆಸರು ಬಿಟ್ಟು, ಇಸ್ಪೀಟು, ಆಟೀನು, ಡೈಮನ್, ಕಳಾವರ್ ಎಂಬ ನಾಲ್ಕು ಜಾತಿಗಳಲ್ಲಿ ಹದಿಮೂರು ಎಲೆ ಹೇಗೆ ಹರಡಿವೆ ಎಂದಷ್ಟೇ ನೋಡಿದರೆ, ಬಗೆಗಳು ಒಟ್ಟು 39 ಮಾತ್ರ. ಅವುಗಳಲ್ಲಿ ಎಲ್ಲಕ್ಕಿಂತ ಸಮವಾದುದು 4-3-3-3. ಅದೇ ಹೆಚ್ಚಾಗಿ ಬರಬೇಕೆಂದು ಮನಸ್ಸು ಹೇಳುತ್ತದೆ. ಲೆಕ್ಕ ಒಪ್ಪುವುದಿಲ್ಲ. ಮೊದಲ ಸ್ಥಾನ 4-4-3-2ಕ್ಕೆ, ನೂರಕ್ಕೆ 21.6, ಬಳಿಕ 5-3-3-2, 15.5, 5-4-3-1, 12.9, 5-4-2-2, 10.6, 4-3-3-3ಕ್ಕೆ ಐದನೆಯ ಸ್ಥಾನ, 10.5. ಕಾರಣ ಸರಳ. ಉದ್ದದ ಜಾತಿ ನಾಲ್ಕರಲ್ಲಿ ಯಾವುದಾದರೂ ಆಗಬಹುದಾದ್ದರಿಂದ 4-3-3-3 ಬರಲು ನಾಲ್ಕೇ ದಾರಿ. 4-4-3-2 ಬರಲು ಹನ್ನೆರಡು ದಾರಿ. ಈ ಐದು ಬಗೆಗಳನ್ನು ಬಾಯಿಪಾಠ ಮಾಡಿದವನಿಗೆ ನೂರರಲ್ಲಿ 71 ಕೈಗಳ ಪರಿಚಯವಾದಂತೆ.

1925ರಲ್ಲಿ ಅಮೆರಿಕದ ಹೆರಾಲ್ಡ್ ವ್ಯಾಂಡರ್‌ಬಿಲ್ಟ್ ಪನಾಮಾ ಕಾಲುವೆಯ ಮಾರ್ಗವಾಗಿ ಹಡಗಿನಲ್ಲಿ ಹೋಗುತ್ತಿದ್ದಾಗ ಕಾಂಟ್ರಾಕ್ಟ್ ಬ್ರಿಡ್ಜಿನ ನಿಯಮಗಳಿಗೆ ರೂಪ ಕೊಟ್ಟ. ಗೆಲ್ಲುತ್ತೇನೆಂದು ಮೊದಲೇ ನುಡಿದಷ್ಟಕ್ಕೆ ಮಾತ್ರ ಇಲ್ಲಿ ಬಹುಮಾನದ ಅಂಕಗಳು ದೊರೆಯುತ್ತವೆ; ಕಾಣದ ಕೈಗಳ ಅಂದಾಜಿಗೆ ಬೆಲೆ ಏರಿತು. ಈ ಆಟವನ್ನು ಮನೆಮಾತಾಗಿಸಿದವನು ಈಲಿ ಕಲ್ಬರ್ಟ್‌ಸನ್. 1931-32ರ ಚಳಿಗಾಲದಲ್ಲಿ ಸಿಡ್ನಿ ಲೆನ್ಸ್ ಪಕ್ಷದ ಮೇಲೆ ಗೆದ್ದ ಪಂದ್ಯ ಅವನ ಕೀರ್ತಿಯನ್ನು ಶಿಖರಕ್ಕೇರಿಸಿತು. ಆದರೆ ಇದೇ ಚತುರ 'ಸಮತೆಯ ನಿಯಮ'ವೊಂದನ್ನೂ ಸಾರಿದ. ನಿಮ್ಮ ಕೈ 5-4-3-1 ಆಗಿದ್ದರೆ, ಯಾವುದಾದರೊಂದು ಜಾತಿಯೂ ನಾಲ್ವರಲ್ಲಿ 5-4-3-1 ಆಗಿಯೇ ಹಂಚಿರಲು ಒಲವುಂಟು ಎಂಬುದು ಅವನ ವಾದ. ಕೇಳಲು ಎಷ್ಟು ಇಂಪು! ಲೋಕದಲ್ಲಿ ಪ್ರತಿಬಿಂಬ ಹುಡುಕುವ ಮನಸ್ಸಿಗೆ ಇದಕ್ಕಿಂತ ಸಿಹಿ ಬೇರೆ ಬೇಕೆ? ಆದರೆ ಚೆನ್ನಾಗಿ ಕಲಸಿದ ಎಲೆಗಳಿಗೆ ಇಂಥ ಯಾವ ಒಲವೂ ಇಲ್ಲ. ಗಣಿತ ಈ ನಿಯಮವನ್ನು ಮಾನ್ಯ ಮಾಡಲಿಲ್ಲ. 1940ರಲ್ಲಿ ಫ್ರಾನ್ಸಿನ ಗಣಿತಜ್ಞ ಎಮಿಲ್ ಬೊರೆಲ್, ಚದುರಂಗದ ಪಟು ಆಂದ್ರೆ ಶೆರಾನ್ ಜೊತೆಗೂಡಿ ಬ್ರಿಡ್ಜಿನ ಗಣಿತವನ್ನು ಒಂದು ದೊಡ್ಡ ಗ್ರಂಥವಾಗಿ ವ್ಯವಸ್ಥೆಗೊಳಿಸಿದರು.

ಮುಂದೆ 1960ರ ದಶಕದಲ್ಲಿ ಪಂದ್ಯಗಳಿಗೆ ಗಣಕಯಂತ್ರ ಎಲೆ ಹಂಚತೊಡಗಿದಾಗ ಒಂದು ವಿನೋದ ನಡೆಯಿತು. ಯಂತ್ರದ ಹಂಚಿಕೆ ವಿಪರೀತ, ಉದ್ದುದ್ದ ಜಾತಿಗಳೇ ಬರುತ್ತವೆ ಎಂದು ಅನುಭವಿಗಳು ಗೊಣಗಿದರು. ತಪ್ಪು ಯಂತ್ರದ್ದಲ್ಲ, ಕೈಯದು. ಆಡಿ ಮುಗಿದ ಎಲೆಗಳು ಒಂದೇ ಜಾತಿಯ ನಾಲ್ಕು ನಾಲ್ಕಾಗಿ ಕಟ್ಟಿನಲ್ಲಿ ಕೂಡಿರುತ್ತವೆ. ಅರೆಬರೆ ಕಲಸಿ ಹಂಚಿದರೆ ತಲೆಗೊಂದರಂತೆ ಹೋಗಿ ಕೈಗಳು ಸಮವಾಗುತ್ತವೆ. ಕಟ್ಟನ್ನು ಎರಡು ಮಾಡಿ ಒಂದರೊಳಗೊಂದು ಬೆರೆಸುವ ಕ್ರಮದಲ್ಲಿ ಸುಮಾರು ಏಳು ಸಲವಾದರೂ ಕಲಸಬೇಕೆಂದು 1992ರಲ್ಲಿ ಬೇಯರ್ ಮತ್ತು ಡಯಾಕೋನಿಸ್ ತೋರಿಸಿದರು. ಅನುಭವವೆಂದು ನಂಬಿದ್ದು ಎಷ್ಟೋ ವೇಳೆ ಅಭ್ಯಾಸ ಮಾತ್ರವಾಗಿರುತ್ತದೆ.

ಹಾಗಾದರೆ ಈ ಸಂಖ್ಯೆಗಳಿಂದ ಆಟಗಾರನಿಗೆ ಪ್ರಯೋಜನವೇನು? ಎದುರಾಳಿಗಳ ಬಳಿ ಒಂದು ಜಾತಿಯ ಐದು ಎಲೆ ಉಳಿದಿದ್ದರೆ ಅವು 3-2 ಆಗಿರುವುದು ನೂರಕ್ಕೆ 68 ಸಲ. ಆರು ಉಳಿದಿದ್ದರೆ 3-3 ಆಗಿರುವುದು 36 ಸಲ ಮಾತ್ರ; 4-2 ಆಗಿರುವುದು 48 ಸಲ. ಸಮವಾಗಿ ಒಡೆದೀತೆಂದು ಆಸೆಪಡುವ ಮುನ್ನ ಬೇರೆ ದಾರಿ ಹುಡುಕು ಎಂದು ಲೆಕ್ಕ ಎಚ್ಚರಿಸುತ್ತದೆ. ಇದು ಭವಿಷ್ಯ ನುಡಿಯುವ ವಿದ್ಯೆಯಲ್ಲ. ಪ್ರತಿಯೊಂದು ಎಲೆ ಬಿದ್ದಾಗಲೂ ಎಣಿಕೆ ಬದಲಾಗುತ್ತದೆ. ಎದುರಾಳಿ ಐದು ಇಸ್ಪೀಟು, ನಾಲ್ಕು ಆಟೀನು, ಮೂರು ಡೈಮನ್ ತೋರಿಸಿದನೆಂದರೆ ಅವನಲ್ಲಿ ಕಳಾವರ್ ಒಂದೇ. ಅಲ್ಲಿಗೆ ಸಂಭವ ಮುಗಿದು ನಿಶ್ಚಯ ಮೊದಲಾಯಿತು. ಐದು ಬಗೆಗಳನ್ನು ಮನದಲ್ಲಿಟ್ಟುಕೊಂಡು, ಹದಿಮೂರರವರೆಗೆ ತಪ್ಪದೆ ಎಣಿಸಿ, ಎಣಿಕೆ ಬದಲಾದಾಗ ತನ್ನ ಊಹೆಯನ್ನು ಹಠವಿಲ್ಲದೆ ಬಿಟ್ಟುಕೊಡುವವನು ಒಳ್ಳೆಯ ಆಟಗಾರ. ಇವುಗಳಲ್ಲಿ ಕಡೆಯದೇ ಕಷ್ಟ. ಕಲ್ಬರ್ಟ್‌ಸನ್ನನಂಥ ಪ್ರವೀಣನಿಗೂ ತನ್ನ ಇಂಪಾದ ನಿಯಮದ ಮೋಹ ಹತ್ತಿತ್ತು.