ಫಟಫಟಿಯ ಶಬ್ದಸಂಯಮ

ಯಂತ್ರದ ಶಕ್ತಿಗೂ ಅದರ ಗದ್ದಲಕ್ಕೂ ಅವಿನಾಭಾವ ಸಂಬಂಧವಿದೆಯೆಂದೂ, ಹೆಚ್ಚು ಆರ್ಭಟಿಸುವುದೇ ಹೆಚ್ಚು ಬಲಶಾಲಿಯೆಂದೂ ತಿಳಿಯುವುದು ಬಹುಕಾಲದಿಂದ ನಡೆದುಬಂದ ಒಂದು ಭ್ರಮೆ. ಗೋಕಾಕದ ನೆಲವು ಈ ಭ್ರಮೆಗೆ ಎಂದೋ ಉತ್ತರ ಕೊಟ್ಟಿದೆ. 52 ಮೀಟರು ಎತ್ತರದ ಬಂಡೆಯಿಂದ ಧುಮುಕುವ ಘಟಪ್ರಭೆಯ ನೀರನ್ನು 1880ರ ದಶಕದಲ್ಲಿ ಕೊಳವೆಗಳೊಳಕ್ಕೆ ತಿರುಗಿಸಿ ನೂಲಿನ ಗಿರಣಿಯನ್ನು ನಡೆಸಿದಾಗ, ಭೋರ್ಗರೆತವು ಜಲಪಾತದಲ್ಲಿಯೇ ಉಳಿಯಿತು. ನೂಲನ್ನು ನೂತುದು ಕೊಳವೆಯಲ್ಲಿ ಅಡಗಿ ಹರಿದ ನೀರು. ಮೋಟಾರುಸೈಕಲ್ಲಿನ ಸೈಲೆನ್ಸರಿನ ಚರಿತ್ರೆಯೂ ಇಂತಹ ಸಂಯಮದ ಚರಿತ್ರೆಯೇ ಆಗಿದೆ.

ಅಮೆರಿಕದ ಇಂಡಿಯಾನಾ ಪ್ರಾಂತದ ಕೊಲಂಬಸ್ ಪಟ್ಟಣದ ರೀವ್ಸ್ ಸಹೋದರರು ಎಂಜಿನ್ನಿನ ಸದ್ದಡಗಿಸುವ ಸಾಧನಕ್ಕೆ 1897ರಲ್ಲಿಯೇ ಪೇಟೆಂಟು ಪಡೆದರು. ಅದರ ತತ್ತ್ವ ಸರಳವಾದುದು. ಸಿಲಿಂಡರಿನಲ್ಲಿ ಉರಿದ ಅನಿಲವು ಅತಿಯಾದ ಒತ್ತಡದಿಂದ ಒಮ್ಮೆಲೇ ಹೊರನುಗ್ಗುವುದರಿಂದ ಸ್ಫೋಟದಂತಹ ಧ್ವನಿಯುಂಟಾಗುವುದು. ಅದೇ ಅನಿಲವನ್ನು ವಿಶಾಲವಾದ ಕೋಷ್ಠಗಳಲ್ಲಿ ಹಿಗ್ಗಲು ಬಿಟ್ಟು, ರಂಧ್ರಗಳುಳ್ಳ ಒಳಕೊಳವೆಗಳ ಮೂಲಕ ಹಾಯಿಸಿದರೆ, ಶಬ್ದತರಂಗಗಳು ಗೋಡೆಗಳಿಗೆ ತಾಗಿ ಹಿಮ್ಮರಳಿ ಒಂದನ್ನೊಂದು ಕುಗ್ಗಿಸುವುವು. ಗಾಜಿನ ಉಣ್ಣೆಯನ್ನು ತುಂಬಿದ ಸೈಲೆನ್ಸರಿನಲ್ಲಿ ಆ ಎಳೆಗಳೇ ಶಬ್ದದ ಶಕ್ತಿಯನ್ನು ಹೀರಿ ಶಾಖವಾಗಿ ಪರಿವರ್ತಿಸುವುವು.

ಕನ್ನಡ ನಾಡಿನಲ್ಲಿ ಈ ವಿದ್ಯೆಯು ನೆಲೆಗೊಂಡುದು ಮೈಸೂರಿನಲ್ಲಿ. 1961ರಲ್ಲಿ ಜಯಚಾಮರಾಜ ಒಡೆಯರಿಂದ ಉದ್ಘಾಟನೆಗೊಂಡ ಐಡಿಯಲ್ ಜಾವಾ ಕಾರ್ಖಾನೆಯು, ಜೆಕೊಸ್ಲೊವಾಕಿಯದ ಮಾದರಿಯನ್ನನುಸರಿಸಿ, ಒಂದೇ ಸಿಲಿಂಡರಿಗೆ ಎರಡು ಸೈಲೆನ್ಸರುಗಳನ್ನು ಜೋಡಿಸಿದ ಜಾವಾ ಗಾಡಿಗಳನ್ನೂ, 1973ರಿಂದ ಯೆಜ್ಡಿ ಗಾಡಿಗಳನ್ನೂ ನಾಡಿಗೆ ಒದಗಿಸಿತು. ಪೆಟ್ರೋಲಿನೊಡನೆ ಎಣ್ಣೆಯನ್ನು ಬೆರೆಸಿ ಉರಿಸುವ ಈ ಟೂ-ಸ್ಟ್ರೋಕ್ ಎಂಜಿನ್ನುಗಳಲ್ಲಿ ಒಳಕೊಳವೆಗೆ ಮಸಿ ಕಟ್ಟುವುದು ಸಹಜವಾದುದರಿಂದ, ಅದನ್ನು ಹೊರತೆಗೆದು, ಸುಟ್ಟು, ಕೆರೆದು, ಮತ್ತೆ ಸ್ವಸ್ಥಾನದಲ್ಲಿ ಕೂಡಿಸುವುದು ಪ್ರತಿಯೊಬ್ಬ ಮಿಸ್ತ್ರಿಯೂ ಕಲಿಯಲೇಬೇಕಾದ ಕೆಲಸವಾಗಿತ್ತು.

ಘಟಪ್ರಭೆಯ ಸೀಮೆಗೆ ಫಟಫಟಿಯು ಕಬ್ಬಿನ ಬೆನ್ನುಹಿಡಿದು ಬಂದಿತೆಂದರೆ ತಪ್ಪಾಗದು. ಹಿಡಕಲ್ ಜಲಾಶಯದ ಕಾಲುವೆಗಳು ಹರಿದುವು. 1969ರಲ್ಲಿ ಸ್ಥಾಪಿತವಾದ ಹುಕ್ಕೇರಿಯ ಗ್ರಾಮೀಣ ವಿದ್ಯುತ್ ಸಹಕಾರ ಸಂಘವು ಹಳ್ಳಿಹಳ್ಳಿಗೂ ತಂತಿಯೆಳೆಯಿತು. ಸಂಕೇಶ್ವರದಂತಹ ಕಡೆ ಸಕ್ಕರೆ ಕಾರ್ಖಾನೆಗಳು ನಡೆದುವು. ಕಬ್ಬಿನ ಬಿಲ್ಲು ಕೈಸೇರಿದ ರೈತನ ಮನೆಯಂಗಳಕ್ಕೂ ಮೋಟಾರುಸೈಕಲ್ಲು ಬಂದು ನಿಂತಿತು. ಈಚೆಗೆ ಗೋಕಾಕದಿಂದ ಬೇರ್ಪಟ್ಟು ಪ್ರತ್ಯೇಕ ತಾಲ್ಲೂಕಾದ ಮೂಡಲಗಿಯ ಸಂತೆಗೆ ಹೋಗಿಬರುವವರಿಗೆ ಅದು ಅಲಂಕಾರವಾಗಿರದೆ ಅಗತ್ಯವಾಗಿದ್ದಿತು. 1985ರಲ್ಲಿ ಹಗುರವೂ ಚುರುಕೂ ಆದ ಯಮಹಾ ಆರ್‌ಎಕ್ಸ್ 100 ಗಾಡಿಯು ದೇಶದಲ್ಲೆಲ್ಲ ತರುಣರ ಮನಸ್ಸನ್ನು ಸೆರೆಹಿಡಿದಾಗ, ಶುದ್ಧೀಕರಣಕ್ಕೆಂದು ತೆಗೆಯುತ್ತಿದ್ದ ಒಳಕೊಳವೆಯನ್ನು ಮತ್ತೆ ಹಾಕದೆ ಬಿಡುವ ರೂಢಿಯು ಶೌರ್ಯದ ಚಿಹ್ನೆಯೆನಿಸಿತು.

ಆದರೆ ಯಂತ್ರಶಾಸ್ತ್ರವು ಈ ಶೌರ್ಯವನ್ನು ಒಪ್ಪುವುದಿಲ್ಲ. 1950ರ ದಶಕದಲ್ಲಿ ಪೂರ್ವ ಜರ್ಮನಿಯ ಎಂ.ಝಡ್. ಕಾರ್ಖಾನೆಯ ವಾಲ್ಟರ್ ಕಾಡೆನ್ ಎಂಬ ಎಂಜಿನಿಯರನು ಪ್ರಯೋಗಗಳಿಂದ ತೋರಿಸಿಕೊಟ್ಟಂತೆ, ಟೂ-ಸ್ಟ್ರೋಕ್ ಗಾಡಿಯ ಹೊಗೆಕೊಳವೆಯು ಎಂಜಿನ್ನಿನದೇ ಒಂದು ಅಂಗ. ಸರಿಯಾದ ಆಕಾರವುಳ್ಳ ಕೊಳವೆಯಲ್ಲಿ ಹಿಮ್ಮರಳುವ ಒತ್ತಡದ ಅಲೆಯು, ಹೊರಗೆ ಸೋರಿಹೋಗುವ ತಾಜಾ ಇಂಧನವನ್ನು ಸಿಲಿಂಡರಿನೊಳಕ್ಕೆ ಮರಳಿ ತಳ್ಳುವುದು. ಆ ಲೆಕ್ಕಾಚಾರವನ್ನು ಅರಿಯದೆ ಕೊಳವೆಯನ್ನು ಬಯಲು ಮಾಡಿದವನಿಗೆ ಗದ್ದಲವು ಖಚಿತವಾಗಿ ಲಭಿಸುವುದು. ಬಲವಾದರೋ ಅನೇಕ ವೇಳೆ ಕುಂದುವುದು.

ಕಾನೂನು ಈ ವಿಷಯದಲ್ಲಿ ಮೌನವಾಗಿಲ್ಲ. ವಿಸ್ತರಣಕೋಷ್ಠದಿಂದಲೋ ಅನ್ಯ ವಿಧಾನದಿಂದಲೋ ಸಾಧ್ಯವಾದಷ್ಟು ಸದ್ದನ್ನು ತಗ್ಗಿಸುವ ಸೈಲೆನ್ಸರು ಪ್ರತಿ ವಾಹನಕ್ಕೂ ಇರಬೇಕೆಂದು 1989ರ ಕೇಂದ್ರ ಮೋಟಾರು ವಾಹನ ನಿಯಮಗಳು ವಿಧಿಸಿದುವು. ತಯಾರಿಕೆಯ ಹಂತದಲ್ಲಿ 80ರಿಂದ 175 ಸಿಸಿಯ ಗಾಡಿಗಳಿಗೆ 77 ಡೆಸಿಬೆಲ್, ಅದಕ್ಕೂ ದೊಡ್ಡವಕ್ಕೆ 80 ಡೆಸಿಬೆಲ್ ಎಂಬ ಮಿತಿಯು 2003ರಲ್ಲಿ ಜಾರಿಗೆ ಬಂದಿತು. ಹತ್ತು ಡೆಸಿಬೆಲ್ ಏರಿದರೆ ಶಬ್ದಶಕ್ತಿಯು ಹತ್ತು ಪಟ್ಟಾಗುವುದೆಂಬುದನ್ನು ನೆನೆದರೆ ಈ ಅಂಕಿಗಳ ಗಾಂಭೀರ್ಯವು ಮನದಟ್ಟಾಗುವುದು. 2019ರ ತಿದ್ದುಪಡಿಯ ತರುವಾಯ ಮಿತಿಮೀರಿದವನಿಗೆ ಮೂರು ತಿಂಗಳವರೆಗಿನ ಸೆರೆ, ಹತ್ತು ಸಾವಿರ ರೂಪಾಯಿಯವರೆಗಿನ ದಂಡ, ಅಥವಾ ಎರಡನ್ನೂ ಕಾಯಿದೆಯು ಹೇಳುತ್ತದೆ. ಆಸ್ಪತ್ರೆ, ಶಾಲೆ, ನ್ಯಾಯಾಲಯಗಳ ಸುತ್ತ 100 ಮೀಟರನ್ನು ನಿಶ್ಶಬ್ದ ವಲಯವೆಂದು 2000ದ ಶಬ್ದಮಾಲಿನ್ಯ ನಿಯಮಗಳು ಗುರುತಿಸಿದುವು. 1929ರಲ್ಲಿ ಆರಂಭವಾಗಿ, ನಾ. ಸು. ಹರ್ಡೀಕರರಂತಹ ದೇಶಸೇವಕರ ದುಡಿಮೆಯನ್ನು ಕಂಡ ಕರ್ನಾಟಕ ಆರೋಗ್ಯಧಾಮವು ನಿಂತಿರುವ ಘಟಪ್ರಭಾ ಊರಿನಲ್ಲಿ, ರೋಗಿಯ ನಿದ್ರೆಗೆ ಸಲ್ಲಬೇಕಾದ ಗೌರವವನ್ನು ಯಾರೂ ಹೊಸದಾಗಿ ಕಲಿಸಬೇಕಾಗಿಲ್ಲ.

ಪೊಲೀಸರು ಕರ್ಕಶ ಸೈಲೆನ್ಸರುಗಳನ್ನು ಕಿತ್ತು, ರಸ್ತೆಯಲ್ಲಿ ಹಾಸಿ, ರೋಡ್ ರೋಲರ್ ಹಾಯಿಸಿದ ದೃಶ್ಯವನ್ನು ಕರ್ನಾಟಕದ ಹಲವು ನಗರಗಳು ಕಂಡಿವೆ. ದಂಡನೆಯು ಅವಶ್ಯಕವಾದರೂ ನಿಜವಾದ ಪರಿಹಾರವಿರುವುದು ಗ್ಯಾರೇಜಿನಲ್ಲಿಯೇ. ಸಿಲಿಂಡರಿನ ಬಾಯಲ್ಲಿ ಸವೆದ ಗ್ಯಾಸ್ಕೆಟ್ಟನ್ನು ಬದಲಿಸುವುದು, ತುಕ್ಕು ತಿಂದ ತೂತಿಗೆ ವೆಲ್ಡಿಂಗ್ ಮಾಡುವುದು, ಸುಟ್ಟುಹೋದ ಗಾಜಿನ ಉಣ್ಣೆಯನ್ನು ಹೊಸತಾಗಿ ತುಂಬುವುದು, ಕಿತ್ತೆಸೆದ ಒಳಕೊಳವೆಯನ್ನು ಮರಳಿ ಕೂಡಿಸುವುದು: ಇವು ಅಲ್ಪವ್ಯಯದ ಕೆಲಸಗಳಾದರೂ ಪರಂಪರೆಯುಳ್ಳ ಕೌಶಲಗಳು. ಗಿರಾಕಿಯ ಒಂದು ಮಾತಿಗೆ ಕೊಳವೆಯನ್ನು ಬರಿದು ಮಾಡಿಕೊಡುವುದಕ್ಕೆ ಸ್ಪ್ಯಾನರು ಹಿಡಿಯಬಲ್ಲ ಯಾವ ಕೈಯಾದರೂ ಸಾಕು. ಎಂಜಿನ್ನಿನ ಬಲವನ್ನು ಕುಂದಿಸದೆ ಅದರ ಸದ್ದನ್ನು ಮಾತ್ರ ಇಳಿಸುವುದಕ್ಕೆ ನುರಿತ ಮಿಸ್ತ್ರಿಯೇ ಬೇಕು. ಗೋಕಾಕ, ಮೂಡಲಗಿ, ಹುಕ್ಕೇರಿಗಳ ಗ್ಯಾರೇಜುಗಳು ಈ ಎರಡನೆಯ ಕೆಲಸವನ್ನೇ ತಮ್ಮ ವೃತ್ತಿಯ ಮರ್ಯಾದೆಯೆಂದು ಬಗೆದು, ಕೆಲಸ ಕಲಿಯಲು ಬರುವ ಹುಡುಗರಿಗೆ ಮೊದಲು ಇದನ್ನೇ ಕಲಿಸುವುದು ಯುಕ್ತವಾದುದು.