ಪಿಆರ್ ಹುಟ್ಟಿದ ಕಥೆ: ಮಾತು ಕೊಟ್ಟವನೇ ಮರೆತಾಗ

‘ಪಿಆರ್‌ನಲ್ಲಿ ಕೆಲಸ ಶುರು ಮಾಡ್ತಿದ್ದೀನಿ, ಎಲ್ಲಿಂದ ಕಲೀಲಿ?’ ಅಂತ ಯಾರಾದ್ರೂ ಕೇಳಿದ್ರೆ ನಾನು ಒಬ್ಬ ಮನುಷ್ಯನ ಕಥೆ ಹೇಳ್ತೀನಿ. ಆತನ ಹೆಸರು ಐವಿ ಲೀ. ಸಾರ್ವಜನಿಕ ಸಂಪರ್ಕವನ್ನ ಒಂದು ವೃತ್ತಿಯಾಗಿ ರೂಪಿಸಿದ ಮೊದಲಿಗರಲ್ಲಿ ಒಬ್ಬ. ಈ ಕೆಲಸದಲ್ಲಿ ಹೇಗೆ ಮೇಲೆ ಬರಬಹುದು, ಹೇಗೆ ಹೆಸರು ಕೆಡಿಸ್ಕೋಬಹುದು, ಎರಡೂ ಆತನ ಜೀವನದಲ್ಲೇ ಸಿಗುತ್ತೆ.

ಲೀ ಹುಟ್ಟಿದ್ದು 1877ರಲ್ಲಿ, ಅಮೆರಿಕದ ಜಾರ್ಜಿಯಾ ರಾಜ್ಯದಲ್ಲಿ. ಅಪ್ಪ ಪಾದ್ರಿ. ಪ್ರಿನ್ಸ್‌ಟನ್‌ನಲ್ಲಿ ಓದು ಮುಗಿಸಿ ನ್ಯೂಯಾರ್ಕ್‌ನ ಪತ್ರಿಕೆಗಳಲ್ಲಿ ವರದಿಗಾರನಾದ. 1903ರಲ್ಲಿ ಅದನ್ನ ಬಿಟ್ಟು, ಮೇಯರ್ ಚುನಾವಣೆಯಲ್ಲಿ ಸೇತ್ ಲೋ ಪರ ಪ್ರಚಾರಕ್ಕೆ ಇಳಿದ. ಅಭ್ಯರ್ಥಿ ಸೋತ, ಲೀಗೆ ಮಾತ್ರ ದಾರಿ ಸಿಕ್ತು. ಸ್ವಲ್ಪ ಸಮಯದಲ್ಲೇ ಜಾರ್ಜ್ ಪಾರ್ಕರ್ ಅನ್ನೋ ಅನುಭವಿ ಪತ್ರಕರ್ತನ ಜೊತೆ ಸೇರಿ ಸ್ವಂತ ಸಂಸ್ಥೆ ತೆರೆದ.

ಆಗಿನ ದೊಡ್ಡ ಕಂಪನಿಗಳಿಗೆ ಪತ್ರಕರ್ತರು ಅಂದ್ರೆ ಅಲರ್ಜಿ. 1902ರ ಕಲ್ಲಿದ್ದಲು ಮುಷ್ಕರವನ್ನೇ ನೋಡಿ. ಕಾರ್ಮಿಕ ನಾಯಕ ಜಾನ್ ಮಿಚೆಲ್ ವರದಿಗಾರರನ್ನ ಕೂರಿಸಿಕೊಂಡು ಮಾತಾಡಿದ್ರು. ಗಣಿ ಮಾಲೀಕರು ಬಾಯಿ ಬಿಡಲಿಲ್ಲ. ಜನ ಯಾರ ಕಡೆ ನಿಂತ್ರು ಅಂತ ಹೇಳಬೇಕಾ? 1906ರಲ್ಲಿ ಮತ್ತೆ ಬಿಕ್ಕಟ್ಟು ಬಂದಾಗ ಮಾಲೀಕರು ಸೀದಾ ಲೀ ಹತ್ರ ಬಂದ್ರು.

ಆ ವರ್ಷ ಲೀ ಪತ್ರಿಕೆಗಳಿಗೆ ಒಂದು ಹೇಳಿಕೆ ಕಳಿಸಿದ. ಇತಿಹಾಸದಲ್ಲಿ ಅದಕ್ಕೆ ‘ತತ್ವಗಳ ಘೋಷಣೆ’ ಅಂತ ಹೆಸರು. ಅದರ ಸಾರ ಇಷ್ಟು: ನಮ್ಮದು ಗುಟ್ಟಿನ ಕಚೇರಿ ಅಲ್ಲ, ಯಾರ ಪರ ಮಾತಾಡ್ತೀವಿ ಅಂತ ಮುಚ್ಚಿಡಲ್ಲ. ನಾವು ಕಳಿಸಿದ್ದು ಜಾಹೀರಾತು ಅನಿಸಿದ್ರೆ ಬಳಸಬೇಡಿ. ಮಾಹಿತಿ ನಿಜವಾ ಅಂತ ಪರೀಕ್ಷಿಸೋಕೆ ನಾವೇ ನೆರವಾಗ್ತೀವಿ.

ಅದೇ ಅಕ್ಟೋಬರ್‌ನಲ್ಲಿ ಪರೀಕ್ಷೆ ಬಂತು. ಅಟ್ಲಾಂಟಿಕ್ ಸಿಟಿ ಹತ್ತಿರ ಪೆನ್ಸಿಲ್ವೇನಿಯಾ ರೈಲ್‌ರೋಡ್‌ನ ರೈಲೊಂದು ಸೇತುವೆಯಿಂದ ನೀರಿಗೆ ಬಿದ್ದು 50ಕ್ಕೂ ಹೆಚ್ಚು ಜನ ಸತ್ತರು. ಇಂಥ ಸುದ್ದಿಯನ್ನ ಅದುಮೋದು ಆಗಿನ ರೈಲ್ವೆ ಕಂಪನಿಗಳ ರೂಢಿ. ಲೀ ಉಲ್ಟಾ ಮಾಡಿದ. ವರದಿಗಾರರನ್ನ ಅಪಘಾತದ ಜಾಗಕ್ಕೆ ಕರೆಸಿದ, ಮಾಹಿತಿಯನ್ನ ಬರೆದು ಹಂಚಿದ. ಇವತ್ತು ನಾವು ಪತ್ರಿಕಾ ಪ್ರಕಟಣೆ ಅಂತೀವಲ್ಲ, ಅದರ ಮೊದಲ ಮಾದರಿ ಇದೇ ಅಂತ ಅನೇಕರು ಹೇಳ್ತಾರೆ.

ಇಲ್ಲಿಗೆ ನಿಲ್ಲಿಸಿದ್ರೆ ಇದು ಸುಂದರವಾದ ಸಾಧಕನ ಕಥೆ. ಆದ್ರೆ 1914 ಬರುತ್ತೆ.

ಕೊಲೊರಾಡೊದ ಲಡ್ಲೋದಲ್ಲಿ ಗಣಿ ಕಾರ್ಮಿಕರು ಮುಷ್ಕರ ಹೂಡಿ ಕುಟುಂಬದ ಸಮೇತ ಡೇರೆಗಳಲ್ಲಿದ್ರು. ಏಪ್ರಿಲ್ 20ರಂದು ರಾಜ್ಯದ ಸೈನಿಕ ಪಡೆ ಮತ್ತು ಕಾರ್ಮಿಕರ ನಡುವೆ ಗುಂಡಿನ ಕಾಳಗ ನಡೀತು, ಡೇರೆಗಳಿಗೆ ಬೆಂಕಿ ಬಿತ್ತು. ಡೇರೆಯೊಂದರ ಕೆಳಗಿನ ಗುಂಡಿಯಲ್ಲಿ ಅಡಗಿದ್ದ 2 ಹೆಂಗಸರು, 11 ಮಕ್ಕಳು ಸತ್ತರು. ಅಲ್ಲಿನ ಮುಖ್ಯ ಗಣಿ ಕಂಪನಿ ರಾಕ್‌ಫೆಲ್ಲರ್ ಕುಟುಂಬದ ಹಿಡಿತದಲ್ಲಿತ್ತು. ದೇಶವೇ ಸಿಟ್ಟಾಯ್ತು. ರಾಕ್‌ಫೆಲ್ಲರ್ ಜೂನಿಯರ್ ಲೀಯನ್ನ ಕರೆಸಿದ್ರು.

ಲೀ ಗಣಿ ಮಾಲೀಕರ ವಾದ ಹೇಳೋ ಬುಲೆಟಿನ್‌ಗಳನ್ನ ತಯಾರಿಸಿ ದೇಶದ ಗಣ್ಯರಿಗೆಲ್ಲ ತಲುಪಿಸಿದ. ಅವುಗಳ ಮೇಲೆ ಆತನ ಹೆಸರೇ ಇರಲಿಲ್ಲ. ಒಂದರಲ್ಲಿ ಸಂಘದ ನಾಯಕರ ಇಡೀ ವರ್ಷದ ಸಂಬಳವನ್ನ 9 ವಾರದ ಸಂಪಾದನೆ ಅಂತ ತೋರಿಸಲಾಗಿತ್ತು. 1915ರಲ್ಲಿ ಸರ್ಕಾರಿ ಆಯೋಗ ಕೇಳ್ತು: ಈ ಮಾಹಿತಿ ಸರಿಯಾ ಅಂತ ನೀವು ಪರೀಕ್ಷಿಸಿದ್ರಾ? ಮಾಲೀಕರು ಕೊಟ್ಟಿದ್ದನ್ನೇ ಬಳಸಿದೆ, ತಾನಾಗಿ ಪರೀಕ್ಷಿಸಲಿಲ್ಲ ಅಂತ ಲೀ ಒಪ್ಪಿಕೊಂಡ.

ನನ್ನನ್ನ ಕಾಡೋದು ಈ ಉತ್ತರ. ‘ಪರೀಕ್ಷಿಸಿ ನೋಡಿ’ ಅಂತ ಊರಿಗೆಲ್ಲ ಹೇಳಿದವನು ತಾನೇ ಪರೀಕ್ಷಿಸಲಿಲ್ಲ. ‘ಗುಟ್ಟಿಲ್ಲ’ ಅಂದವನು ಹೆಸರು ಮುಚ್ಚಿಟ್ಟ. ಲೇಖಕ ಅಪ್ಟನ್ ಸಿಂಕ್ಲೇರ್ ಆತನಿಗೆ ‘ಪಾಯ್ಸನ್ ಐವಿ’ ಅಂತ ಅಡ್ಡಹೆಸರಿಟ್ರು. ಅದು ನಮ್ಮ ತುರಚೆ ಗಿಡದ ಹಾಗೆ, ಮುಟ್ಟಿದ್ರೆ ಮೈಯೆಲ್ಲ ತುರಿಕೆ ಬರಿಸೋ ಬಳ್ಳಿ.

ಹಾಗಂತ ಲೀ ಕೆಲಸ ಕಳ್ಕೊಳ್ಳಲಿಲ್ಲ, ಬೆಳೆದ. ಗಿರಾಕಿಗಳು ದೊಡ್ಡವರಾದ್ರು, ಶುಲ್ಕವೂ ದೊಡ್ಡದಾಯ್ತು. ಕೊನೆಗೆ ಹಿಟ್ಲರ್ ಆಳ್ವಿಕೆಯ ಜರ್ಮನಿಯ ಐ.ಜಿ. ಫಾರ್ಬೆನ್ ಕಂಪನಿಗೂ ಸಲಹೆಗಾರನಾದ. 1934ರಲ್ಲಿ ಅದರ ಬಗ್ಗೆ ಅಮೆರಿಕ ಸಂಸತ್ತಿನ ಸಮಿತಿ ಮುಂದೆ ಉತ್ತರ ಕೊಡಬೇಕಾಯ್ತು. ಅದೇ ವರ್ಷ ನವೆಂಬರ್‌ನಲ್ಲಿ, 57ನೇ ವಯಸ್ಸಿನಲ್ಲಿ ತೀರಿಕೊಂಡ. ಅಡ್ಡಹೆಸರು ಮಾತ್ರ ಇವತ್ತಿಗೂ ಉಳಿದಿದೆ.

ಈಗಷ್ಟೇ ಈ ಕೆಲಸಕ್ಕೆ ಬರ್ತಿರೋ ಗೆಳೆಯರೇ, ನಿಮ್ಮ ಮೇಜಿಗೆ ಒಂದು ದಿನ ಗಿರಾಕಿಯ ಅಂಕಿಅಂಶ ಬರುತ್ತೆ, ‘ಸಂಜೆಯೊಳಗೆ ಕಳಿಸಿ’ ಅಂತಾರೆ. ಆಗ ಎರಡೇ ಪ್ರಶ್ನೆ ಕೇಳಿ. ಇದು ಯಾರ ಮಾತು ಅಂತ ಓದೋರಿಗೆ ಗೊತ್ತಾಗುತ್ತಾ? ಇದು ನಿಜ ಅಂತ ನನಗೆ ಹೇಗೆ ಗೊತ್ತು? 1906ರ ಲೀ ಈ ಎರಡಕ್ಕೂ ಉತ್ತರ ಇಟ್ಕೊಂಡಿದ್ದ, 1914ರ ಲೀ ಹತ್ರ ಇರಲಿಲ್ಲ. ನಡುವೆ ಕಳೆದಿದ್ದು ಬರೀ 8 ವರ್ಷ.

ಮುಂದಿನ ಸಂಚಿಕೆಯಲ್ಲಿ ಸಿಗೋಣ.